ತಣ್ಣೀರಿನ ಬಟ್ಟಲು

ಸುಗ್ರಾಳ ಬಲಗೈ ಮಣಿಕಟ್ಟಿನವರೆಗೆ ಬೆಂದಿತು. ಮೂರನೆಯ ದಿನ ಅವಳ ಮಣೆಯನ್ನು ಒಲೆಯ ಮುಂದಿನಿಂದ ಎತ್ತಿ ಸೌದೆ ಕೊಟ್ಟಿಗೆಯಲ್ಲಿ ಬೋರಲು ಹಾಕಿದರು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ಸ್ವಂತ ಅಜಾಗರೂಕತೆ' ಎಂದು ಬರೆದರು.

ಕೋಲಾರದಿಂದ ಶ್ರೀನಿವಾಸಪುರದ ಕಡೆ ಹೋಗುವ ರಸ್ತೆಯ ಮಗ್ಗುಲಿಗೆ ಹೆಂಚು ಹೊದಿಸಿದ ಉದ್ದನೆಯ ರೇಷ್ಮೆ ಷೆಡ್ಡು ಅದು. ಒಳಗೆ ಇಪ್ಪತ್ತು ಒಲೆ, ಒಲೆಗಿಬ್ಬರಂತೆ ನಲವತ್ತು ಹೆಂಗಸರು. ಒಬ್ಬಳು ಕುದಿನೀರಿನ ಬೋಗುಣಿಯ ಮುಂದೆ ಕೂತು, ತೇಲುವ ಗೂಡುಗಳಿಂದ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಿ ಹಿಡಿದು ಮೇಲಕ್ಕೆ ಕೊಡುತ್ತಿದ್ದಳು. ಇನ್ನೊಬ್ಬಳು ಹಿಂದೆ ನಿಂತು ರಾಟೆ ತಿರುಗಿಸುತ್ತಿದ್ದಳು. ಕೂರುವವಳು ತನ್ನ ಮಣೆಯನ್ನು ತಾನೇ ಮನೆಯಿಂದ ತರಬೇಕು, ಕೆಲಸ ಬಿಡುವ ದಿನ ತಾನೇ ಕಂಕುಳಲ್ಲಿ ಇಟ್ಟುಕೊಂಡು ಹೋಗಬೇಕು. ಮತ್ತೊಬ್ಬರ ಕೈ ಅದನ್ನು ಬೋರಲು ಹಾಕುವುದು ಮಣೆಯವಳು ಸತ್ತಾಗ ಮಾತ್ರ. ಆ ಷೆಡ್ಡಿನಲ್ಲಿ ಯಾರೂ ಬರೆದಿಡದೆ ಎಲ್ಲರೂ ಪಾಲಿಸಿಕೊಂಡು ಬಂದ ಕಟ್ಟಳೆ ಇದು.

ಸೌದೆ ತರಲು ಹೋದ ಗಂಗರತ್ನಮ್ಮ ಆ ಮಣೆಯನ್ನು ನೋಡಿ ನಿಂತಲ್ಲೇ ನಿಂತಳು. ಒಂದು ಮೂಲೆ ಮುಕ್ಕಾದ ಹಲಸಿನ ಹಲಗೆ. ಸುಗ್ರಾಳ ಗಂಡ ಮುಖ್ತಿಯಾರ್ ಬಡಗಿ. ದಂಡಿನ ಜೊತೆ ಸಿಂಗಪುರಕ್ಕೆ ಹೊರಡುವ ಮುಂಚೆ ಹೆಂಡತಿಗೆಂದು ಕೆತ್ತಿ ಕೊಟ್ಟದ್ದು. ಸುಗ್ರಾ ಸತ್ತಿರಲಿಲ್ಲ. ಮಸೀದಿಯ ಹಿಂದಿನ ಕೇರಿಯಲ್ಲಿ, ಸುಣ್ಣದ ತಿಳಿಗೆ ಕೊಬ್ಬರಿ ಎಣ್ಣೆ ಕಲಸಿ ಸವರಿಕೊಂಡು, ಬಾಳೆಲೆ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಗಂಗರತ್ನಮ್ಮ ಸುಗಟೂರಿನವಳು. ಪ್ಲೇಗಿನಲ್ಲಿ ಗಂಡ ಹೋದ ವರ್ಷ ಈ ಷೆಡ್ಡಿಗೆ ಬಂದವಳು ಹನ್ನೊಂದು ವರ್ಷದಿಂದ ಒಂದೇ ಒಲೆಯ ಮುಂದೆ ಕೂತಿದ್ದಳು. ಅವಳ ಬೆರಳಿಗಿಂತ ಗಂಟಲು ದೊಡ್ಡದು. ರಾಟೆ ಒಮ್ಮೆ ಜೋರಾಗಿ ಒಮ್ಮೆ ನಿಧಾನವಾಗಿ ತಿರುಗಿದರೆ ನೂಲು ಒಂದು ಕಡೆ ದಪ್ಪ ಒಂದು ಕಡೆ ತೆಳು ಬರುತ್ತದೆ. ಇಪ್ಪತ್ತು ರಾಟೆಯೂ ಒಂದೇ ನಡಿಗೆಯಲ್ಲಿ ಹೋಗುತ್ತಿದ್ದುದು ಗಂಗರತ್ನಮ್ಮ ಹಾಡುತ್ತಿದ್ದುದರಿಂದ. ಬಹಳ ಕಾಲ ಹಾಡಿದ್ದು ಅವಳೇ ಕಟ್ಟಿದ ಹಾಡು:

ಬಾಗಿಲಿಲ್ಲದ ಮನೆಯ ಕಟ್ಟಿದೆ ಹುಳುವೇ
ಯಾರು ಬರಲೆಂದು ಕಾದೆ ಒಳಗೇ — ಹುಸ್

ಆ 'ಹುಸ್' ಎನ್ನುವಲ್ಲಿ ಒಂದು ಉಸಿರಿನಷ್ಟು ನಿಲುಗಡೆ. ರಾಟೆಯವರು ಕೈ ಸಡಿಲ ಬಿಡುತ್ತಿದ್ದರು. ಕೂತವರು ಬೋಗುಣಿಯಿಂದ ಕೈ ತೆಗೆದು ಬಲಗಡೆಯ ಮಣ್ಣಿನ ಬಟ್ಟಲಿನಲ್ಲಿ ಅದ್ದುತ್ತಿದ್ದರು. ಬಟ್ಟಲಿನಲ್ಲಿ ತಣ್ಣೀರು, ಚೂರು ಪಟಿಕ. ಅವಳು ಬಂದ ಹೊಸದರಲ್ಲಿ ಅಲ್ಲಿ ಯಾರ ಬಳಿಯೂ ಬಟ್ಟಲಿರಲಿಲ್ಲ. ಹೆಂಗಸರ ಬೆರಳು ಬಿಳಿಚಿ ಸೀಳಿ, ಊಟಕ್ಕೆ ಕೂತರೆ ಸಾರಿನ ಉಪ್ಪು ತಗುಲಿ ಕಣ್ಣೀರು ಬರುತ್ತಿತ್ತು. ಮೊದಲು ಬಟ್ಟಲು ತಂದವಳು ಗಂಗರತ್ನಮ್ಮ. ಪಕ್ಕದವಳು ನೋಡಿ ತಂದಳು, ಅವಳ ಪಕ್ಕದವಳು ತಂದಳು. ಹನ್ನೊಂದು ವರ್ಷದಲ್ಲಿ ಯಾರೂ ಬಟ್ಟಲಿನ ಕಡೆ ತಿರುಗಿ ನೋಡುವ ಅಗತ್ಯವೇ ಉಳಿಯಲಿಲ್ಲ. ಹಾಡಿನಲ್ಲಿ 'ಹುಸ್' ಬಿದ್ದರೆ ಇಪ್ಪತ್ತು ಬಲಗೈ ತಾವಾಗಿಯೇ ಬಲಕ್ಕೆ ಹೋಗುತ್ತಿದ್ದವು.

ಷೆಡ್ಡಿನ ಮೇಲ್ವಿಚಾರಕ ಚನ್ನರಾಯಪ್ಪನೂ ಸುಗಟೂರಿನವನೇ. ಅವಳಿಗೆ ಈ ಕೆಲಸ ಕೊಡಿಸಿದವನು ಅವನು, ಅಕ್ಕ ಎನ್ನುತ್ತಿದ್ದವನು, ಗೂಡಿನ ಕೋಣೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ಅಕ್ಷರ ಕಲಿಸಿದವನು. ವಿಧವೆಯಾದ ಹೆಂಗಸೊಬ್ಬಳು ತನ್ನ ಹೆಸರನ್ನು ತಾನೇ ಬರೆದು ನೋಡಿಕೊಂಡ ದಿನ ಆ ಗೋಡೆಗೆ ಹಣೆ ಹಚ್ಚಿ ಅತ್ತಿದ್ದಳು. ಆ ಋಣವನ್ನು ಅವಳು ಯಾವತ್ತೂ ಮರೆತಿರಲಿಲ್ಲ. ಅವನೂ ಮರೆಯಲು ಬಿಟ್ಟಿರಲಿಲ್ಲ.

ಹಿಂದಿನ ವರ್ಷ ಚನ್ನರಾಯಪ್ಪ ಷೆಡ್ಡಿನ ದಣಿಗಳ ಜೊತೆ ಬೆಂಗಳೂರಿಗೆ ಹೋಗಿ ಬಂದ. ಬಂದವನ ತಲೆಯಲ್ಲಿ ಹೊಸ ವಿಚಾರವಿತ್ತು. ಕೆಲಸಗಾರರ ಕೈ ತಿದ್ದಿದರೆ ಸಾಲದು, ಮನಸ್ಸನ್ನು ಕಟ್ಟಬೇಕು. ಮನಸ್ಸು ಗಟ್ಟಿಯಾಗಿ, ಒಳ್ಳೆಯದನ್ನೇ ನೆನೆಯುತ್ತಿದ್ದರೆ ದಣಿವೂ ಇಲ್ಲ, ನೋವೂ ಇಲ್ಲ ಎಂದು ಹೇಳತೊಡಗಿದ. ಅಂದಿನಿಂದ ದಿನಾ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಒಂದು ಚೀಟಿ. ಅದರಲ್ಲಿ ಒಂದು ಸಾಲು. ಗಂಗರತ್ನಮ್ಮ ಓದಬೇಕು, ಉಳಿದವರು ಒಟ್ಟಿಗೆ ಹೇಳಬೇಕು. 'ಈ ದಿನ ನಾನು ದೂರುವುದಿಲ್ಲ' ಎಂದು ಮೊದಲನೆಯ ಚೀಟಿ ಬಂದಾಗ, ಅವಳ ರಾಟೆ ತಿರುಗಿಸುವ ಆಂಜಿನಮ್ಮ ಹಿಂದಿನಿಂದ ಕೇಳಿದಳು:

"ಏಮೇ ಗಂಗಕ್ಕ, ಅಂಗಾದ್ರೆ ನಾಳೆ ದೂರ್ಬೋದಾ?"

ಇಡೀ ಷೆಡ್ಡು ನಕ್ಕಿತು. ಚನ್ನರಾಯಪ್ಪನಿಗೆ ಚೀಟಿ ಚನ್ನಪ್ಪ ಎಂದು ಹೆಸರಾಯಿತು. 'ನನ್ನ ಕೈ ನನ್ನ ಮಾತು ಕೇಳುತ್ತದೆ' ಎಂಬ ಚೀಟಿಯ ದಿನ ಆಂಜಿನಮ್ಮ, ಬೋಗುಣಿಯ ನೀರಿಗೂ ಒಂದು ಚೀಟಿ ಓದು, ತಣ್ಣಗಾಗಲಿ ಎಂದಿದ್ದಳು.

ಗಂಗರತ್ನಮ್ಮ ಮಾತ್ರ ನಕ್ಕಿರಲಿಲ್ಲ. ಸುಳ್ಳು ಹೇಳಬಾರದು, ಅವಳು ಅದನ್ನು ನಂಬಿದ್ದಳು. ಗಂಡನನ್ನು ಮಣ್ಣು ಮಾಡಿ ಬಂದ ಹದಿನೈದನೆಯ ದಿನ ಈ ಒಲೆಯ ಮುಂದೆ ಕೂತಾಗ ಅವಳನ್ನು ಉಳಿಸಿದ್ದು ಏನು? ಇದೊಂದು ಗೂಡಿನ ತುದಿ ಸಿಗಲಿ, ಆಮೇಲೆ ಅಳುತ್ತೇನೆ ಅಂದುಕೊಂಡಳು. ಅದರ ತುದಿ ಸಿಕ್ಕಿತು. ಇನ್ನೊಂದರದು ಸಿಗಲಿ ಅಂದುಕೊಂಡಳು. ಹೀಗೆ ಸಂಜೆಯಾಯಿತು, ಹೀಗೆ ವರ್ಷವಾಯಿತು. ತಾನು ಬೆರಳಿನಿಂದ ಕಲಿತದ್ದನ್ನೇ ಇವನು ಬಾಯಿಂದ ಹೇಳುತ್ತಿದ್ದಾನೆ ಎಂದುಕೊಂಡಿದ್ದಳು.

ಪಕ್ಕದ ಒಲೆಯ ಸುಗ್ರಾಳಿಗೂ ಅದನ್ನೇ ಕಲಿಸಿದ್ದಳು. ಸಿಂಗಪುರ ಜಪಾನಿನವರ ಪಾಲಾದ ಮೇಲೆ ಮುಖ್ತಿಯಾರನಿಂದ ಒಂದು ಕಾಗದವೂ ಬಂದಿರಲಿಲ್ಲ. ಸುಗ್ರಾ ಬೋಗುಣಿಯನ್ನೇ ನೋಡುತ್ತಾ ಕೂತುಬಿಟ್ಟರೆ ಗಂಗರತ್ನಮ್ಮ ಮೊಣಕೈಯಿಂದ ತಿವಿದು, "ಒಂದು ತುದಿ ಹಿಡ್ಕೊಳ್ಳೇ ತಾಯಿ. ಇನ್ನೊಂದರ ಯೋಚ್ನೆ ಆಮೇಲೆ," ಎನ್ನುತ್ತಿದ್ದಳು. ಸುಗ್ರಾ ತುದಿ ಹಿಡಿಯುತ್ತಿದ್ದಳು. ರಂಜಾನಿನ ಉಪವಾಸದಲ್ಲಿ, ಆ ಹುಳುವಿನ ನಾತದ ನಡುವೆ, ಒಂದು ದಿನವೂ ತಪ್ಪಿಸಿಕೊಳ್ಳದೆ ಬಂದಳು.

ಈ ವರ್ಷ ಬೇಸಗೆಯಲ್ಲಿ ದಂಡಿನ ಕಚೇರಿಯಿಂದ ಕಾಗದ ಬಂತು. ಪೋಸ್ಟ್ ಆಫೀಸಿನ ಗುಮಾಸ್ತನ ಕೈಯಲ್ಲಿ ಓದಿಸಿದರೆ ಅದರಲ್ಲಿದ್ದದ್ದು ಇಷ್ಟೇ: ಆಸಾಮಿ ಪತ್ತೆಯಿಲ್ಲ. ಸುಗ್ರಾ ಅದನ್ನು ಗಂಗರತ್ನಮ್ಮನಿಗೊಬ್ಬಳಿಗೇ ಹೇಳಿದಳು. ಅತ್ತೆಗೆ ಒಬ್ಬನೇ ಮಗ, ಜೀವ ಹಿಡಿದುಕೊಂಡಿರುವ ಮುದುಕಿ, ಅವಳ ಕಿವಿಗೆ ಬೀಳಬಾರದು ಎಂದು ಬಟ್ಟಲಿನ ಮೇಲೆ ಕೈಯಿಡಿಸಿ ಮಾತು ತೆಗೆದುಕೊಂಡಳು.

ಗಂಗರತ್ನಮ್ಮ ಆ ಮಾತು ಮುರಿದಳು. ಒಳ್ಳೆಯದಕ್ಕೆಂದೇ ಮುರಿದಳು. ಚನ್ನರಾಯಪ್ಪನನ್ನು ಗೂಡಿನ ಕೋಣೆಯಲ್ಲಿ ಒಬ್ಬನನ್ನೇ ಕಂಡು, ಹೀಗೆ ಹೀಗಾಗಿದೆ, ಹುಡುಗಿಯ ಮನಸ್ಸು ನೆಟ್ಟಗಿಲ್ಲ, ಹದಿನೈದು ದಿನ ಒಲೆ ಬಿಡಿಸಿ ಗೂಡು ಆರಿಸುವ ಕೆಲಸಕ್ಕೆ ಹಾಕಪ್ಪ ಎಂದು ಬೇಡಿಕೊಂಡಳು. ಅವನ ಕಣ್ಣು ತೇವವಾದದ್ದನ್ನು ಅವಳು ಕಂಡಿದ್ದಳು, ಅದರಲ್ಲಿ ಅನುಮಾನವಿಲ್ಲ. "ಈ ಮಾತು ನನ್ನ ಹೊಟ್ಟೇಲೇ ಇರುತ್ತಕ್ಕ. ನಾನು ನೋಡ್ಕೋತೀನಿ," ಎಂದ.

ಸುಗ್ರಾಳನ್ನು ಗೂಡು ಆರಿಸಲು ಹಾಕಲಿಲ್ಲ. ಅಷ್ಟರಲ್ಲಿ ಯುದ್ಧದ ಆರ್ಡರು ಬಂತು. ಆಕಾಶದಿಂದ ಸಿಪಾಯಿಗಳು ಇಳಿಯುವ ದೊಡ್ಡ ಕೊಡೆಗಳಿಗೆ ರೇಷ್ಮೆ ಬೇಕಂತೆ. ಮುಳಬಾಗಿಲಿನ ಬೈರಕೂರಿನಿಂದ, ಮಾಲೂರಿನಿಂದ ಗೂಡಿನ ಗಾಡಿಗಳು ಸಾಲುಗಟ್ಟಿದವು. ಹಾಡಿನ ನಡಿಗೆ ಜೋರಾಗಬೇಕು ಎಂದ ಚನ್ನರಾಯಪ್ಪ. 'ಹುಸ್' ಬೇಡ ಎಂದ. ತಾನೇ ಕೂತು ಹೊಸ ಹಾಡು ಬರೆದುಕೊಟ್ಟ. ಅದರಲ್ಲಿ ನಗುನಗುತ ದುಡಿಯುವುದಿತ್ತು, ಉಸಿರು ತೆಗೆದುಕೊಳ್ಳಲು ಜಾಗವಿರಲಿಲ್ಲ. ಮೂರನೆಯದಾಗಿ, ಬಟ್ಟಲುಗಳನ್ನು ಎತ್ತಬೇಕು ಎಂದ. ಆ ಜಾಗದಲ್ಲಿ ಇನ್ನೊಂದು ಕುದಿನೀರಿನ ಬೋಗುಣಿ ಇಟ್ಟು ಮುಂದಿನ ಗೂಡುಗಳನ್ನು ಬೇಯಿಸಿಕೊಳ್ಳುತ್ತಿದ್ದರೆ ಒಂದು ಗಳಿಗೆಯೂ ಹಾಳಾಗುವುದಿಲ್ಲ.

ಹೆಂಗಸರು ಗೊಣಗಿದರು. ಅವನು ಗಂಗರತ್ನಮ್ಮನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತು, ನೀನು ಮೊದಲು ಎತ್ತಿದರೆ ಎಲ್ಲರೂ ಎತ್ತುತ್ತಾರೆ ಅಕ್ಕ, ಹದಿನೈದೇ ದಿನ, ಆಮೇಲೆ ನಾನೇ ವಾಪಸ್ ಇಡಿಸುತ್ತೇನೆ ಎಂದ.

ಅವಳು ಎತ್ತಿದಳು. ಹನ್ನೊಂದು ವರ್ಷದ ಬಟ್ಟಲನ್ನು ತನ್ನ ಕೈಯಿಂದಲೇ ಎತ್ತಿ, ನೀರನ್ನು ಹೊರಗಿನ ಹೊಂಗೆ ಗಿಡದ ಬುಡಕ್ಕೆ ಚೆಲ್ಲಿದಳು. ಹತ್ತೊಂಬತ್ತು ಬಟ್ಟಲು ಅವಳ ಹಿಂದೆ ಬಂದವು. ಆ ಜಾಗಗಳಲ್ಲಿ ಎರಡನೇ ಬೋಗುಣಿಗಳು ಕುದಿಯತೊಡಗಿದವು.

ಎಂಟನೆಯ ದಿನ ಮಧ್ಯಾಹ್ನದ ಮೇಲೆ ದಣಿದು ಹಾಡುತ್ತಿದ್ದಳು. ಹೊಸ ಹಾಡಿನ ಮೂರನೆಯ ನುಡಿ ಮರೆತುಹೋಯಿತು. ರಾಟೆಗಳು ಕಾಯುವುದಿಲ್ಲ. ನಾಲಿಗೆ ತನಗೆ ಗೊತ್ತಿದ್ದ ದಾರಿ ಹಿಡಿಯಿತು. ಬಾಗಿಲಿಲ್ಲದ ಮನೆಯ ಕಟ್ಟಿದೆ ಹುಳುವೇ, ಯಾರು ಬರಲೆಂದು ಕಾದೆ ಒಳಗೇ, ಹುಸ್.

ಬಲಕ್ಕೆ ಹೊರಟ ತನ್ನ ಕೈಯನ್ನು ಗಂಗರತ್ನಮ್ಮ ಅರ್ಧದಲ್ಲಿ ಹಿಡಿದುಕೊಂಡಳು. ಹಲವರು ಹಾಗೇ ಹಿಡಿದುಕೊಂಡರು. ಸುಗ್ರಾ ಹಿಡಿದುಕೊಳ್ಳಲಿಲ್ಲ. ಸುಖವಾಗಿ, ಕಣ್ಣುಮುಚ್ಚಿ, ತಣ್ಣೀರಿಗೆ ಇಳಿಸುವಂತೆ ಕೈಯನ್ನು ಇಳಿಸಿದಳು.

ಸೌದೆ ಕೊಟ್ಟಿಗೆಯಲ್ಲಿ ಮಣೆ ನೋಡಿದ ಸಂಜೆಯೇ ಗಂಗರತ್ನಮ್ಮ ಮಸೀದಿ ಹಿಂದಿನ ಕೇರಿಗೆ ಹೋದಳು. ಆ ಮೊದಲು ಎರಡು ಸಲ ಹೋಗಿದ್ದಾಗ ಸುಗ್ರಾ ಎದ್ದು ಕೂತು ಮಾತಾಡಿಸಿದ್ದಳು. ಹಾಡಿನ ತಪ್ಪು ತನ್ನದು ಎಂದು ಗಂಗರತ್ನಮ್ಮ ಅತ್ತಾಗ ಬಿಡಕ್ಕ ಅಂದಿದ್ದಳು. ಈ ಸಲ ಬಾಗಿಲಿಗೆ ಬಂದವಳು ಒಳಗೆ ಕರೆಯಲಿಲ್ಲ. ಒಳಗಿನಿಂದ ಮುದುಕಿಯ ಅಳು ಕೇಳುತ್ತಿತ್ತು. ಜೋರಾದ ಅಳುವಲ್ಲ, ಬಹಳ ಹೊತ್ತು ಅತ್ತು ಸುಸ್ತಾದ ಮೇಲೆ ಬರುವಂಥದ್ದು.

"ಚನ್ನರಾಯಪ್ಪ ಬಂದಿದ್ದ," ಎಂದಳು ಸುಗ್ರಾ. "ಅತ್ತೆ ಮುಂದೆ ಕೂತು ಸಮಾಧಾನ ಹೇಳ್ದ. ಗಂಡ ಪತ್ತೆ ಇಲ್ಲ ಅಂತ ಕಾಗದ ಬಂದಾಗಿಂದ ನಿನ್ನ ಸೊಸೆ ಮನಸ್ಸು ಕೆಲಸದ ಮೇಲಿಲ್ಲ, ಅದಕ್ಕೇ ಕೈ ಸುಟ್ಕೊಂಡ್ಳು, ಷೆಡ್ಡಿಂದು ಏನೂ ತಪ್ಪಿಲ್ಲ ಅಂದ. ಅವನಿಗೆ ಯಾರು ಹೇಳಿದ್ದು ಗಂಗಕ್ಕ?"

ನಿನಗೆ ಸುಲಭದ ಕೆಲಸ ಕೊಡಿಸೋಣ ಅಂತ ಹೇಳಿದೆ ಎನ್ನುವುದು ನಿಜವೇ ಆದರೂ, ಆ ಬಾಗಿಲಲ್ಲಿ ನಿಂತು ಹೇಳಲು ಗಂಗರತ್ನಮ್ಮನಿಗೆ ನಾಚಿಕೆಯಾಯಿತು.

"ನಿನ್ನ ಹಾಡಿಗೆ ನನ್ನ ಕೈ ಹೋಯ್ತು. ಅದಕ್ಕೆ ನಂಗೆ ಕೋಪ ಇಲ್ಲ, ಅಲ್ಲಾ ಆಣೆ," ಎಂದಳು ಸುಗ್ರಾ. "ನಿನ್ನ ಬಾಯಿಗೆ ನನ್ನ ಮನೆ ಹೋಯ್ತು. ಹೋಗಕ್ಕ."

ಬಾಗಿಲು ಹಾಕಿಕೊಂಡಿತು. ಎಡಗೈಯಲ್ಲಿ ಹಾಕಿದ್ದರಿಂದ ಚಿಲಕ ಬೀಳಲು ಬಹಳ ಹೊತ್ತು ಹಿಡಿಯಿತು. ಚಿಲಕ ಬೀಳುವವರೆಗೆ ಗಂಗರತ್ನಮ್ಮ ಅಲ್ಲೇ ನಿಂತಿದ್ದಳು.

ಮಾರನೆಯ ದಿನ ಅವಳು ಕೇಳುವ ಮುಂಚೆಯೇ ಚನ್ನರಾಯಪ್ಪ ಅವಳನ್ನು ಗೂಡಿನ ಕೋಣೆಗೆ ಕರೆದ. ಗೋಡೆಯ ಮೇಲೆ ಹನ್ನೊಂದು ವರ್ಷದ ಹಿಂದಿನ ಇದ್ದಿಲ ಅಕ್ಷರಗಳ ಕಲೆ ಇನ್ನೂ ಇತ್ತು. ನಾಳಿದ್ದು ಬೆಂಗಳೂರಿನಿಂದ ಯುದ್ಧದ ರೇಷ್ಮೆ ನೋಡಿಕೊಳ್ಳುವ ಸಾಹೇಬರು ಬರುತ್ತಾರೆ, ಕೈ ಬೆಂದ ಸುದ್ದಿ ಅವರ ಕಿವಿಗೂ ಬಿದ್ದಿದೆ, ಕೇಳಿಯೇ ಕೇಳುತ್ತಾರೆ. ಹೀಗೆಂದು ಒಂದು ಕಾಗದ ಮುಂದಿಟ್ಟು, ಕೆಳಗೆ ಹೆಸರು ಬರಿ ಎಂದ.

ಅವನೇ ಕಲಿಸಿದ ಅಕ್ಷರ. ಬೆರಳಿಟ್ಟು ಓದಿದಳು. 'ಸುಗ್ರಾ ಎಂಬಾಕೆಯು ಗಂಡನ ಚಿಂತೆಯಿಂದ ಮನಸ್ಸು ಕೆಲಸದ ಮೇಲಿಲ್ಲದೆ ಇದ್ದಳೆಂದು ಆಕೆಯ ಸಂಗಾತಿಯಾದ ಗಂಗರತ್ನಮ್ಮನು ಮುಂಚಿತವಾಗಿಯೇ ತಿಳಿಸಿರುತ್ತಾಳೆ.'

ಅವಳು ಬೇಡಿಕೊಂಡಿದ್ದ ಮಾತು ಅದು, ಈಗ ಸಾಕ್ಷಿಯಾಗಿ ಕೂತಿತ್ತು. ಎರಡು ಸಲ ಓದಿದಳು.

"ಬಟ್ಟಲು ಎತ್ತಿಸಿದ್ದು ಬರ್ದಿಲ್ಲ."

"ಅದು ಬೇಡದ ಮಾತಕ್ಕ."

"ನಾನು ಹಳೇ ಹಾಡು ಹಾಡ್ದೆ ಅನ್ನೋದೂ ಬರ್ದಿಲ್ಲ."

"ನಿನ್ನ ಉಳಿಸೋಕೇ ಬಿಟ್ಟಿದೀನಿ ಕಣಕ್ಕ." ಅವನ ದನಿಯಲ್ಲಿ ನಿಜವಾದ ನೋವಿತ್ತು. "ಅದನ್ನ ಬರೆದ್ರೆ ಹೋಗೋದು ನಿನ್ನ ಮಣೆ."

ಆಮೇಲೆ ಬಹಳ ಹೊತ್ತು ಅವನೇ ಮಾತಾಡಿದ. ಆರ್ಡರು ಕೈತಪ್ಪಿದರೆ ದಣಿಗಳು ಷೆಡ್ಡು ಮುಚ್ಚುತ್ತಾರೆ, ನಲವತ್ತು ಮನೆಯ ಒಲೆ ಆರುತ್ತದೆ, ಒಬ್ಬಳ ಕೈಗೋಸ್ಕರ ಅಷ್ಟು ಜನರ ಅನ್ನ ಕೆಡಿಸಬೇಕಾ ಎಂದ. ಸುಗ್ರಾಳ ಕೈ ವಾಸಿಯಾದರೂ ಎಳೆ ಹಿಡಿಯುವ ಸೂಕ್ಷ್ಮ ಬರುವುದಿಲ್ಲ, ಮಣೆ ಇಟ್ಟುಕೊಂಡು ಏನು ಮಾಡುತ್ತಾಳೆ ಎಂದ. ಆದದ್ದನ್ನು ಮತ್ತೆ ಮತ್ತೆ ಕೆದಕುವುದು ದುರ್ಬಲರ ಲಕ್ಷಣ, ಇಷ್ಟು ವರ್ಷ ಎಲ್ಲರಿಗೂ ಧೈರ್ಯ ಹೇಳಿದವಳು ಈಗ ನೀನೇ ಕುಸಿದರೆ ಹೇಗೆ ಎಂದ. ಸಾಹೇಬರು ಕೇಳಿದರೆ ಕಾಗದದಲ್ಲಿ ಇದ್ದದ್ದನ್ನು ಹೇಳಬೇಕು, ಹೊಸ ಹಾಡನ್ನು ಜೋರಾಗಿ ಹಾಡಬೇಕು, ಹೆಂಗಸರು ನಗುತ್ತಿರಬೇಕು. ಇಷ್ಟೇ.

ಗಂಗರತ್ನಮ್ಮ ಕೇಳಿಸಿಕೊಳ್ಳುತ್ತಿದ್ದುದು ಅವನ ಮಾತನ್ನಲ್ಲ. ಹನ್ನೊಂದು ವರ್ಷದ ಹಿಂದೆ ಗೂಡಿನ ತುದಿ ಹಿಡಿದು ಬದುಕಿದಾಗ ಅವಳಿಗೆ ಯಾರೂ ಚೀಟಿ ಬರೆದುಕೊಟ್ಟಿರಲಿಲ್ಲ. ಆ ಗಟ್ಟಿತನ ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು. ಅದನ್ನು ಇವನು ದಿನಾ ಬೆಳಿಗ್ಗೆ ಎಳೆ ಎಳೆಯಾಗಿ ಬಿಚ್ಚಿ, ದಣಿಗಳ ರಾಟೆಗೆ ಸುತ್ತಿಕೊಂಡಿದ್ದಾನೆ. ಬಿಚ್ಚಿ ಕೊಟ್ಟವಳು ತಾನೇ.

"ಸಾಹೇಬ್ರು ಬಂದ್ಮೇಲೆ ಬರೀತೀನಿ," ಎಂದು ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಚನ್ನರಾಯಪ್ಪನಿಗೆ ಸಮಾಧಾನವಾಯಿತು. ನೀನು ತಿಳಿದವಳು ಅಕ್ಕ ಎಂದ.

ಸಾಹೇಬರು ಬರುವ ದಿನ ಷೆಡ್ಡಿಗೆ ಸಗಣಿ ಸಾರಿಸಿ ರಂಗೋಲಿ ಹಾಕಿದ್ದರು. ಬಲಗಡೆಯ ಎರಡನೇ ಬೋಗುಣಿಗಳು ಮಾಯವಾಗಿದ್ದವು. ಅವುಗಳ ಜಾಗದಲ್ಲಿ ಇಪ್ಪತ್ತು ಬಟ್ಟಲು. ಮಣ್ಣಿನವಲ್ಲ, ಹಿತ್ತಾಳೆಯವು, ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದ್ದರು. ಒಳಗೆ ತಣ್ಣೀರು.

"ಸಾಹೇಬ್ರ ಬೆರಳು ಸುಟ್ಟಾತು ಅಂತ ಇಟ್ಟವ್ರೆ ಕಣೇ," ಎಂದಳು ಆಂಜಿನಮ್ಮ ರಾಟೆಯ ಹಿಡಿ ಒರೆಸುತ್ತಾ. ಯಾರೂ ನಗಲಿಲ್ಲ.

ಸುಗ್ರಾಳ ಒಲೆಯ ಮುಂದೆ ಲಕ್ಕೂರಿನ ಕಡೆಯ ಹೊಸಬಳೊಬ್ಬಳು ಮಣೆ ಹಾಕಿಕೊಂಡು ಕೂತಿದ್ದಳು. ಗಂಗರತ್ನಮ್ಮ ಸೌದೆ ಕೊಟ್ಟಿಗೆಗೆ ಹೋಗಿ ಆ ಮುಕ್ಕಾದ ಹಲಸಿನ ಮಣೆಯನ್ನು ಎತ್ತಿದಳು. ಸೆರಗಿನಿಂದ ಧೂಳು ಒರೆಸಿದಳು. ತಂದು ಹೊಸಬಳ ಮುಂದೆ ನಿಂತಳು. ಏನೂ ಹೇಳಬೇಕಾಗಲಿಲ್ಲ, ಮಣೆಯ ಕಟ್ಟಳೆ ಅವಳಿಗೂ ಯಾರೋ ಹೇಳಿದ್ದರು. ತನ್ನದನ್ನು ಎತ್ತಿಕೊಂಡು ಗೋಡೆಯ ಕಡೆ ಸರಿದು ನಿಂತಳು. ಗಂಗರತ್ನಮ್ಮ ಸುಗ್ರಾಳ ಮಣೆಯನ್ನು ಮುಖ ಮೇಲಾಗಿ ಇಟ್ಟು, ಬಂದು ತನ್ನ ಜಾಗದಲ್ಲಿ ಕೂತಳು.

ಆಗ ದಣಿಗಳು ಒಳಗೆ ಬಂದರು, ಜೊತೆಗೆ ಟೋಪಿ ಹಾಕಿದ ಸಾಹೇಬರು. ಚನ್ನರಾಯಪ್ಪ ಖಾಲಿ ಮಣೆಯನ್ನು ನೋಡಿದ, ಗಂಗರತ್ನಮ್ಮನನ್ನು ನೋಡಿದ. ಸಾಹೇಬರು ಬಟ್ಟಲುಗಳನ್ನು ತೋರಿಸಿ ಏನೋ ಕೇಳಿದರು. ದಣಿಗಳು ನಗುತ್ತಾ ಏನೋ ಹೇಳಿದರು. ಆಮೇಲೆ ಸಾಹೇಬರು ಖಾಲಿ ಮಣೆಯನ್ನು ತೋರಿಸಿ ಕೇಳಿದರು. ದಣಿಗಳ ನಗು ನಿಂತಿತು.

ಚನ್ನರಾಯಪ್ಪ ಬಗ್ಗಿ, ಹಲ್ಲು ಕಾಣುವಂತೆಯೇ ನಗುತ್ತಾ, ಅವಳೊಬ್ಬಳಿಗೇ ಕೇಳಿಸುವಂತೆ ಹೇಳಿದ: "ಆ ಮಣೆ ತೆಗ್ದು ಹಾಡು ಶುರು ಮಾಡಕ್ಕ. ಕಾಗದ ಎಲ್ಲಿ?"

ಇಪ್ಪತ್ತು ಒಲೆ ಉರಿಯುತ್ತಿದ್ದವು. ಇಪ್ಪತ್ತು ಹೆಂಗಸರು ರಾಟೆಯ ಹಿಡಿಯ ಮೇಲೆ ಕೈಯಿಟ್ಟು ಮೊದಲ ಸಾಲಿಗೆ ಕಾಯುತ್ತಿದ್ದರು. ಹಾಡಿಲ್ಲದೆ ರಾಟೆ ತಿರುಗಿಸಿ ಅವರಿಗೆ ಗೊತ್ತಿರಲಿಲ್ಲ. ಬೋಗುಣಿಗಳಲ್ಲಿ ಗೂಡುಗಳು ಬೆಂದು ತಿರುಗುತ್ತಿದ್ದವು.

ಗಂಗರತ್ನಮ್ಮ ಸೊಂಟದಿಂದ ಕಾಗದ ತೆಗೆದಳು. ಅದರ ಕೆಳಗೆ ಹೆಸರಿರಲಿಲ್ಲ. ಹಿತ್ತಾಳೆಯ ಬಟ್ಟಲಿನ ತಣ್ಣೀರಿನೊಳಗೆ ಅದನ್ನು ಇಳಿಸಿದಳು. ಮಸಿ ಬಿಟ್ಟುಕೊಂಡು ನೀರು ನೀಲಿಯಾಯಿತು.

"ಅಕ್ಕ," ಎಂದ ಚನ್ನರಾಯಪ್ಪ. ಈಗ ಅವನು ನಗುತ್ತಿರಲಿಲ್ಲ. "ಹಾಡು."

ಅವಳು ಸಾಹೇಬರಿಗೂ ದಣಿಗಳಿಗೂ ಸಾಲಿನ ಕೊನೆಯ ಒಲೆಗೂ ಕೇಳಿಸುವಂತೆ, ಹನ್ನೊಂದು ವರ್ಷ ಇಪ್ಪತ್ತು ರಾಟೆ ನಡೆಸಿದ ಗಂಟಲಲ್ಲಿ ಹೇಳಿದಳು:

"ಮಣೆ ತೆಗೆಯೋಲ್ಲ. ಸುಗ್ರಾ ಬಂದು ಕೂರೋವರ್ಗೂ ಹಾಡೋಲ್ಲ."